ತಾಯಿ ಕಾರ್ಡಿನಲ್ಲಿ ಎರಡು ಅಂಕಿಗೆ ಜಾಗ ಕೊಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ನಮಸ್ಕಾರ.

ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು. ಕಾಗದದ ಮೇಲೆ ಮೊದಲು ಸ್ಟಾಫ್ ನರ್ಸ್, ಆಮೇಲೆ ಶುಶ್ರೂಷಾಧಿಕಾರಿ. ಜನರ ಬಾಯಲ್ಲಿ ಕೊನೆಯ ದಿನದವರೆಗೂ ಸಿಸ್ಟರ್. ಅದರಲ್ಲಿ ಹದಿನೆಂಟು ವರ್ಷ ಹೆರಿಗೆ ವಾರ್ಡಿನಲ್ಲೇ ಕಳೆದೆ. ಈ ಪತ್ರವನ್ನು ಸೇವೆಯಲ್ಲಿದ್ದಾಗಲೇ ಬರೆಯಬೇಕಿತ್ತು. ಆಗ ಮೇಲಿನವರ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಕಳೆದ ವರ್ಷ ನಿವೃತ್ತಿ ಆಯಿತು. ಪಿಂಚಣಿ ಕಾಗದವೂ ಕೈಗೆ ಬಂತು. ಹಾಗಾಗಿ ಈಗ ಬರೆಯುತ್ತಿದ್ದೇನೆ.

ಕೇಳುವುದು ಜಾಸ್ತಿ ಏನೂ ಇಲ್ಲ. ಹುಟ್ಟಿದ ಪ್ರತಿ ಮಗುವನ್ನೂ ಮನೆಗೆ ಕಳಿಸುವ ಮುಂಚೆ ಅದರ ಬಲಗೈಯಲ್ಲಿ ಒಮ್ಮೆ, ಒಂದು ಕಾಲಿನಲ್ಲಿ ಒಮ್ಮೆ ರಕ್ತದ ಆಮ್ಲಜನಕ ಎಷ್ಟಿದೆ ಎಂದು ನೋಡಬೇಕು. ಆ ಎರಡು ಅಂಕಿಯನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು. ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ನರ್ಸಿಂಗ್ ಹೋಂ ಇರಲಿ, ಬರೆಯದೆ ಡಿಸ್ಚಾರ್ಜ್ ಮಾಡಬಾರದು. ಇದನ್ನು ಕಡ್ಡಾಯ ಮಾಡಿ ಒಂದು ಆದೇಶ ಹೊರಡಿಸಿ ಎಂದು ಕೇಳುತ್ತಿದ್ದೇನೆ.

ಯಾಕೆ ಅಂತ ಹೇಳುತ್ತೇನೆ.

ಏಳೆಂಟು ವರ್ಷದ ಹಿಂದಿನ ಮಾತು. ನಾಗರ ಅಮಾವಾಸ್ಯೆ ಹತ್ತಿರ ಬಂದಿತ್ತು, ಜಿಟಿಜಿಟಿ ಮಳೆ. ವಾರ್ಡಿನಲ್ಲಿ ಮಂಚಕ್ಕಿಂತ ಬಾಣಂತಿಯರು ಜಾಸ್ತಿ. ಒಬ್ಬಳಿಗೆ ಬುಧವಾರ ರಾತ್ರಿ ಹೆರಿಗೆ ಆಯಿತು. ಚೊಚ್ಚಲು, ಗಂಡು ಮಗು, 2 ಕಿಲೋ 900 ಗ್ರಾಂ. ಹುಟ್ಟಿದ ಕೂಡಲೇ ಚೆನ್ನಾಗಿ ಅತ್ತಿತು. ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ, ಮೂರೂ ಹಾಕಿದೆವು. ತಲೆಯಿಂದ ಕಾಲಿನವರೆಗೆ ನೋಡಿದೆವು. ತುಟಿ ಸರಿ, ಅಂಗುಳು ಸರಿ, ಪಾದ ಸರಿ, ಬೆನ್ನು ಸರಿ. ಶುಕ್ರವಾರ ಬೆಳಗ್ಗೆ ಅಜ್ಜಿ ಗಂಟು ಕಟ್ಟಿಕೊಂಡು ನಿಂತಳು. "ನಾಳೆ ಅಮಾಸಿ ಐತ್ರಿ ಸಿಸ್ಟರ್, ಇವತ್ತ ಕಳಸಿಬಿಡ್ರಿ." ಸಹಜ ಹೆರಿಗೆ ಆದರೆ 48 ಗಂಟೆ ಇರಿಸಿಕೊಳ್ಳಬೇಕು ಎಂದು ನಿಯಮ ಇದೆ. ಅವತ್ತು ಹೊರಗೆ ಬೆಂಚಿನ ಮೇಲೆ ಇನ್ನಿಬ್ಬರು ನೋವು ತಿನ್ನುತ್ತಾ ಕೂತಿದ್ದರು. ಕಳಿಸಿದೆವು.

ಹೊರಡುವಾಗ ಅಜ್ಜಿ ಇನ್ನೊಂದು ಮಾತು ಹೇಳಿದಳು. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಕೂಸು ಭಾಳ ಸಂಭಾವಿತ ಐತ್ರಿ. ಅಳೂದ ಇಲ್ಲ. ಎರಡ ಗುಟುಕು ಕುಡೀತೈತಿ, ಮಕ್ಕೊಂಡಬಿಡತೈತಿ." ನಾನು ನಕ್ಕೆ. ಮಗುವಿನ ಬಣ್ಣ ಸ್ವಲ್ಪ ಕಂದಿದ ಹಾಗೆ ಕಂಡಿತ್ತು. ಅದಕ್ಕೂ ಅಜ್ಜಿ ಹತ್ತಿರ ಉತ್ತರ ಇತ್ತು: "ಅವರಜ್ಜನ ಬಣ್ಣ ಬಂದೈತಿ." ಡಿಸ್ಚಾರ್ಜ್ ಕಾಗದದ ಮೇಲೆ "ಮಗು ಆರೋಗ್ಯವಾಗಿದೆ" ಎಂದು ಬರೆದವಳು ನಾನೇ.

ನಮ್ಮ ಕಡೆ ಐದನೇ ದಿನ ಐದೇಶಿ ಮಾಡುತ್ತಾರೆ. ಅವತ್ತು ರಾತ್ರಿ ಸಟವಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ ಎಂದು ನಂಬಿಕೆ. ತೊಟ್ಟಿಲ ಹತ್ತಿರ ಒಂದು ಹಾಳೆ, ಒಂದು ಪೆನ್ನು ಇಡುತ್ತಾರೆ. ಆ ಮನೆಯಲ್ಲೂ ಇಟ್ಟಿದ್ದರು. ಅದೇ ರಾತ್ರಿ ಮಗು ಹಾಲು ಬಿಟ್ಟಿತು. ಉಸಿರು ಜೋರಾಯಿತು, ಕೈಕಾಲು ತಣ್ಣಗಾಯಿತು. ಬೆಳಗಾಗುವ ಮುಂಚೆ ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಓಡಿದರು. ಅಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು: ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ಬಾಗಿಲು ಹುಟ್ಟಿನಿಂದಲೇ ಮುಚ್ಚಿದೆ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಹಾವೇರಿ ಮೇಲೆಯೇ ಹಾದುಹೋಗುತ್ತದೆ. ಆಂಬುಲೆನ್ಸು ಅವರ ಊರಿನ ಕ್ರಾಸ್ ದಾಟಿಕೊಂಡೇ ಹೋಯಿತು. ಚಿತ್ರದುರ್ಗ ಮುಟ್ಟುವ ಮುಂಚೆ ಮಗು ಹೋಯಿತು.

ಆಶಾ ಕಾರ್ಯಕರ್ತೆ ಬಂದು ನನಗೆ ಇದನ್ನೆಲ್ಲ ಹೇಳಿದಾಗ ನಾನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಹೆರಿಗೆ ವಾರ್ಡಿನಿಂದ ಆಪರೇಷನ್ ಕೋಣೆಯವರೆಗೆ ನಡೆದುಕೊಂಡು ಹೋದೆ. ಇಪ್ಪತ್ತು ಹೆಜ್ಜೆ. ಅಲ್ಲಿ ಅರಿವಳಿಕೆ ಕೊಡುವಾಗ ಬಳಸುವ ಪಲ್ಸ್ ಆಕ್ಸಿಮೀಟರ್ ಇತ್ತು, ರಕ್ತದ ಆಮ್ಲಜನಕ ಅಳೆಯುವ ಯಂತ್ರ. ಆ ಎರಡು ದಿನ ಮಗು ಮತ್ತು ಯಂತ್ರ ಒಂದೇ ಸೂರಿನಡಿ ಇದ್ದವು. ಎರಡನ್ನೂ ಸೇರಿಸಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಮಗೂ ಹೊಳೆದಿರಲಿಲ್ಲ.

ಈ ಪತ್ರವನ್ನು ವೈದ್ಯರಲ್ಲದವರೂ ಓದುತ್ತಾರೆ. ಹಾಗಾಗಿ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊಟ್ಟೆಯಲ್ಲಿರುವಾಗ ಮಗು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ್ದೆಲ್ಲ ತಾಯಿಯ ರಕ್ತದಿಂದ ಬರುತ್ತದೆ. ಶ್ವಾಸಕೋಶಕ್ಕೆ ಆಗ ಕೆಲಸ ಇಲ್ಲ. ಅದಕ್ಕೇ ಹೃದಯದ ಹೊರಗೆ ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಸಣ್ಣ ಅಡ್ಡದಾರಿ ಇರುತ್ತದೆ. ಡಕ್ಟಸ್ ಆರ್ಟೀರಿಯೋಸಸ್ ಎಂದು ಅದರ ಹೆಸರು. ಮನೆಯ ಹಿತ್ತಲ ಬಾಗಿಲು ಅಂದುಕೊಳ್ಳಿ. ಹುಟ್ಟಿ ಉಸಿರಾಡಲು ಶುರು ಮಾಡಿದ ಮೇಲೆ ಅದರ ಅಗತ್ಯ ಇರುವುದಿಲ್ಲ. ಎರಡು ಮೂರು ದಿನದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಲವರಲ್ಲಿ ಇನ್ನೂ ಸ್ವಲ್ಪ ತಡ. ಆದರೆ ಮುಂಬಾಗಿಲೇ ಇಲ್ಲದ ಮನೆ ಆಗಿದ್ದರೆ? ಹಿತ್ತಲ ಬಾಗಿಲಿಂದಲೇ ಓಡಾಟ ನಡೆದಿರುತ್ತದೆ. ಮಗು ಪಿಂಕ್ ಅಲ್ಲದಿದ್ದರೂ ಗಾಬರಿ ಬೀಳುವಷ್ಟು ನೀಲಿಯೂ ಇರುವುದಿಲ್ಲ. ಹಾಲು ಕುಡಿಯುತ್ತದೆ, ಉಚ್ಚೆ ಹೊಯ್ಯುತ್ತದೆ. ನಾವು ಮನೆಗೆ ಕಳಿಸುತ್ತೇವೆ. ಮನೆಗೆ ಹೋದ ಮೇಲೆ ಹಿತ್ತಲ ಬಾಗಿಲು ಮುಚ್ಚುತ್ತದೆ.

ಕಣ್ಣಿಗೆ ಯಾಕೆ ಕಾಣಲಿಲ್ಲ ಎಂದು ಕೇಳಬಹುದು. ನನ್ನನ್ನೇ ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. ಆರೋಗ್ಯವಂತ ಮಗುವಿನಲ್ಲಿ ಒಂದು ದಿನ ಕಳೆದ ಮೇಲೆ ಆಮ್ಲಜನಕ ಶೇಕಡಾ 95ಕ್ಕಿಂತ ಮೇಲಿರುತ್ತದೆ. ಅದು 85ರ ಆಸುಪಾಸಿಗೆ ಇಳಿದರೂ ನುರಿತ ಕಣ್ಣಿಗೆ ನೀಲಿ ಗೊತ್ತಾಗದೆ ಹೋಗಬಹುದು. ನಮ್ಮ ಮಕ್ಕಳ ಮೈಬಣ್ಣ ಕಂದು, ಕಪ್ಪು. ವಾರ್ಡಿನಲ್ಲಿ ಇರುವುದು ಒಂದು ಟ್ಯೂಬ್‌ಲೈಟು. ಆ ಬೆಳಕಿನಲ್ಲಿ 86ಕ್ಕೂ 96ಕ್ಕೂ ವ್ಯತ್ಯಾಸ ಹೇಳುತ್ತೇನೆ ಅನ್ನುವ ಸಿಸ್ಟರ್ ಇದ್ದರೆ ನಾನು ನಂಬುವುದಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೂ ಇಂಥ ಎಷ್ಟೋ ಮಕ್ಕಳಲ್ಲಿ ಮೊದಲ ದಿನಗಳಲ್ಲಿ ಶಬ್ದವೇ ಕೇಳುವುದಿಲ್ಲ. "ಸ್ಕ್ಯಾನಿಂಗ್‌ನಲ್ಲಿ ಎಲ್ಲಾ ನಾರ್ಮಲ್ ಅಂದಿದ್ರಲ್ಲ" ಎಂದು ಮನೆಯವರು ಕೇಳುತ್ತಾರೆ. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಹೃದಯದ ನಾಲ್ಕು ಕೋಣೆ ನೋಡುತ್ತಾರೆ. ಕೋಣೆ ನಾಲ್ಕೂ ಸರಿ ಇದ್ದು, ಹೊರಗೆ ಬರುವ ಎರಡು ದೊಡ್ಡ ನಾಳಗಳು ಅದಲು ಬದಲಾಗಿದ್ದರೆ ಅದು ತಪ್ಪಿಹೋಗುವುದು ಅಪರೂಪ ಏನಲ್ಲ.

ಇನ್ನು ಪರೀಕ್ಷೆ. ಎಷ್ಟು ಸಣ್ಣದು ಅಂದರೆ ಹೇಳಿಕೊಳ್ಳಲೂ ನಾಚಿಕೆ ಆಗಬೇಕು.

ಮಗು ಹುಟ್ಟಿ 24 ಗಂಟೆ ಕಳೆದಿರಬೇಕು. ಹಾಲು ಕುಡಿದು ಸುಮ್ಮನಿರುವಾಗ ಶುರು ಮಾಡಬೇಕು, ಅಳುವಾಗ ಅಲ್ಲ. ಯಂತ್ರದಿಂದ ಮೈಗೆ ಸುತ್ತುವ ತುದಿಗೆ ಪ್ರೋಬ್ ಅನ್ನುತ್ತಾರೆ. ಹಸುಗೂಸಿನ ಪ್ರೋಬ್ ಬೇರೆ ಇರುತ್ತದೆ, ಮೆತ್ತಗಿನ ಪಟ್ಟಿಯ ಹಾಗೆ. ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದ ಬೆರಳಿಗೆ ಕಚ್ಚಿಸುವ ಕ್ಲಿಪ್ಪು ಇದಕ್ಕೆ ಆಗುವುದಿಲ್ಲ. ಪಟ್ಟಿಯನ್ನು ಮೊದಲು ಬಲ ಅಂಗೈಗೆ ಸುತ್ತಬೇಕು, ಆಮೇಲೆ ಯಾವುದಾದರೂ ಒಂದು ಪಾದಕ್ಕೆ, ಕಿರುಬೆರಳ ಬುಡದ ಕೆಳಗೆ. ಕೆಂಪು ಬೆಳಕು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯ ಕಣ್ಣಿಗೆ ನೇರ ಬೀಳಬೇಕು. ನಮ್ಮಲ್ಲಿ ಒಂದು ವಿಶೇಷ ಇದೆ. ದೃಷ್ಟಿ ಆಗಬಾರದು ಎಂದು ಕೆನ್ನೆಗೆ ಅಷ್ಟೇ ಅಲ್ಲ, ಅಂಗಾಲಿಗೂ ಕಾಡಿಗೆ ಬೊಟ್ಟು ಇಡುತ್ತಾರೆ. ಪ್ರೋಬಿನ ಬೆಳಕು ಆ ಬೊಟ್ಟಿನ ಮೇಲೆ ಬಿದ್ದರೆ ಅಂಕಿ ಕುಣಿಯುತ್ತದೆ. ಒರೆಸುತ್ತೇನೆ ಅಂದರೆ ಅಜ್ಜಿಯಂದಿರು ಬಿಡುವುದಿಲ್ಲ. "ಒರೆಸಿ, ಆಮೇಲೆ ನಾನೇ ಇಡತೀನಿ" ಎಂದು ಹೇಳಿ, ಕೆಲಸ ಮುಗಿದ ಮೇಲೆ ಅವರ ಡಬ್ಬಿಯಿಂದಲೇ ಕಾಡಿಗೆ ತೆಗೆದು ನಾನೇ ಬೊಟ್ಟು ಇಟ್ಟಿದ್ದೇನೆ. ಪಾದ ತಣ್ಣಗಿದ್ದರೂ ಅಂಕಿ ಬರುವುದಿಲ್ಲ. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ಪರದೆ ಮೇಲೆ ಅಲೆ ಒಂದೇ ಸಮ ಬರುವವರೆಗೆ ಕಾಯಬೇಕು. ಎಲ್ಲ ಸೇರಿ ಐದು ನಿಮಿಷ.

ಎರಡು ಕಡೆಯೂ 95 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಕೈಗೂ ಕಾಲಿಗೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಪಾಸು. ಯಾವುದಾದರೂ ಒಂದು ಕಡೆ 90ಕ್ಕಿಂತ ಕಡಿಮೆ ಬಂದರೆ ಕಾಯುವಂತಿಲ್ಲ, ಕೂಡಲೇ ಮಕ್ಕಳ ವೈದ್ಯರು ನೋಡಬೇಕು. ನಡುವೆ ಬಂದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡಬೇಕು. ಸೂಜಿ ಇಲ್ಲ, ರಕ್ತ ತೆಗೆಯುವುದಿಲ್ಲ, ಲ್ಯಾಬಿಗೆ ಕಳಿಸುವುದಿಲ್ಲ.

ಬಲಗೈ ಮತ್ತು ಕಾಲು ಎರಡೂ ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಪುಸ್ತಕದ ಉತ್ತರಕ್ಕಿಂತ ಒಳ್ಳೆಯ ಉತ್ತರ ಇದೆ.

ಆ ಅಮಾವಾಸ್ಯೆ ಮಗು ಹೋದ ಮೇಲೆ ನಮ್ಮ ಮಕ್ಕಳ ಡಾಕ್ಟರನ್ನು ಕಾಡಿ ಬೇಡಿ ಹಸುಗೂಸಿನ ಪ್ರೋಬ್ ತರಿಸಿಕೊಂಡೆ. ಆದೇಶ ಇರಲಿಲ್ಲ, ರಿಜಿಸ್ಟರ್ ಇರಲಿಲ್ಲ. ನನ್ನ ಡ್ಯೂಟಿ ಇದ್ದಾಗ ಮಾತ್ರ ನೋಡುತ್ತಿದ್ದೆ. ಅಂಕಿಗಳನ್ನು ಒಂದು ಹಳೇ ಡೈರಿಯಲ್ಲಿ ಬರೆಯುತ್ತಿದ್ದೆ. ಬಹಳ ದಿನ ಎಲ್ಲಾ 97, 98, 99. ಜೊತೆಯವರು ಚೇಷ್ಟೆ ಮಾಡುತ್ತಿದ್ದರು, "ಏನ್ ಅಕ್ಕಾರ, ಇವತ್ತ ಎಷ್ಟ ಮಾರ್ಕ್ಸು?" ಅಂತ. ಒಂದು ದಿನ ಒಂದು ಹೆಣ್ಣು ಮಗು. ಬಲಗೈ 98. ಕಾಲಿಗೆ ಸುತ್ತಿದೆ, 89. ಪ್ರೋಬ್ ಜಾರಿರಬೇಕು ಎಂದು ಇನ್ನೊಂದು ಕಾಲಿಗೆ ಸುತ್ತಿದೆ. 88. ಪಾದ ಬೆಚ್ಚಗೆ ಮಾಡಿದೆ, ಕಾಡಿಗೆ ಹುಡುಕಿದೆ, ಇರಲಿಲ್ಲ. ಮತ್ತೆ 89. ಮಗು ಮಾತ್ರ ಗುಲಾಬಿ ಬಣ್ಣ, ಕೈಕಾಲು ಆಡಿಸಿಕೊಂಡು ಮಲಗಿದೆ. ಕೈ ಮಾತ್ರ ನೋಡಿದ್ದರೆ 98 ಎಂದು ಬರೆದು ಕಳಿಸುತ್ತಿದ್ದೆ. ಎಕೋದಲ್ಲಿ ಗೊತ್ತಾಯಿತು, ದೇಹದ ಕೆಳಭಾಗಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಒಂದು ಕಡೆ ಹಿಸುಕಿದ ಹಾಗೆ ಕಿರಿದಾಗಿತ್ತು. ಅದನ್ನು ದಾಟಿ ಕಾಲಿಗೆ ಹೋಗುತ್ತಿದ್ದದ್ದು ಹಿತ್ತಲ ಬಾಗಿಲಿನ ಕೆಟ್ಟ ರಕ್ತ. ಬೆಂಗಳೂರಿನಲ್ಲಿ ಎರಡನೇ ವಾರದಲ್ಲಿ ಆಪರೇಷನ್ ಆಯಿತು. ಈಗ ಅಂಗನವಾಡಿಗೆ ಹೋಗುತ್ತಾಳೆ. ಹೋದ ಸಲ ಸಂತೆಯಲ್ಲಿ ಸಿಕ್ಕಾಗ ಅವಳ ತಾಯಿ ಫ್ರಾಕ್ ಸರಿಸಿ ಎಡಬೆನ್ನಿನ ಗೆರೆ ತೋರಿಸಿದಳು. ಮಗು ಬೆಂಡು ಬತ್ತಾಸಿನ ಅಂಗಡಿ ಕಡೆ ಕೈ ಮಾಡಿ ರಚ್ಚೆ ಹಿಡಿದಿತ್ತು. ಅಷ್ಟು ಜೋರಾದ ಅಳು ಕೇಳಿ ಅಷ್ಟು ಖುಷಿಪಟ್ಟವಳು ಆ ಸಂತೆಯಲ್ಲಿ ನಾನೊಬ್ಬಳೇ ಇರಬೇಕು.

ಎಲ್ಲ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಇನ್ನೊಂದು ಮಗುವಿಗೆ 91, 92 ಬಂತು. ಹೃದಯ ಸರಿ ಇತ್ತು, ಶ್ವಾಸಕೋಶದಲ್ಲಿ ಸೋಂಕು. ಅದೂ ಮನೆಗೆ ಹೋಗಬೇಕಾದ ಮಗು ಅಲ್ಲ ತಾನೇ? ಮತ್ತೊಂದಕ್ಕೆ ಏನೂ ಇರಲಿಲ್ಲ. ಅದರ ಅಪ್ಪ ಹುಬ್ಬಳ್ಳಿಯಿಂದ ಬಂದು ನನ್ನ ಮೇಲೆ ಕೂಗಾಡಿದ. ಗಾಡಿ ಬಾಡಿಗೆ ದಂಡ ಆಯಿತು ಅಂದ. ಅವನ ಸಿಟ್ಟು ನ್ಯಾಯವೇ.

ಮಾನ್ಯರೇ, ಇದು ಒಬ್ಬ ನರ್ಸಿನ ಡೈರಿ. ಇದರ ಮೇಲೆ ಸರ್ಕಾರ ಆದೇಶ ಮಾಡಲಿ ಎಂದು ನಾನು ಕೇಳುವುದಿಲ್ಲ. ಅನೇಕ ದೇಶಗಳ ಲಕ್ಷಾಂತರ ಮಕ್ಕಳ ಲೆಕ್ಕ ಒಟ್ಟುಗೂಡಿಸಿ 2018ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು ಒಂದು ವಿಮರ್ಶೆ ಪ್ರಕಟಿಸಿದರು. ನೋಡಲು ಆರೋಗ್ಯವಾಗಿಯೇ ಕಾಣುವ 10,000 ಹಸುಗೂಸುಗಳಲ್ಲಿ 6 ಮಕ್ಕಳಿಗೆ ಜೀವಕ್ಕೆ ಕುತ್ತು ತರುವ ಹೃದಯದೋಷ ಇರುತ್ತದೆ. ಈ ಪರೀಕ್ಷೆ ಆರರಲ್ಲಿ ಐದನ್ನು ಹಿಡಿಯುತ್ತದೆ, ಒಂದನ್ನು ಬಿಡುತ್ತದೆ. ಹೃದಯದೋಷ ಇಲ್ಲದ 14 ಮಕ್ಕಳ ಮೇಲೂ ಸುಮ್ನೆ ಅನುಮಾನ ಹುಟ್ಟಿಸುತ್ತದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಹೆರಿಗೆ. ಅದೇ ಲೆಕ್ಕ ಹಿಡಿದರೆ 600 ಮಕ್ಕಳು "ಆರೋಗ್ಯವಾಗಿದೆ" ಎಂಬ ಚೀಟಿ ಹಿಡಿದು ಮನೆಗೆ ಹೋಗುತ್ತಿರಬೇಕು. ಅದರಲ್ಲಿ 500 ಮಕ್ಕಳನ್ನು ವಾರ್ಡಿನಲ್ಲೇ ಹಿಡಿಯಬಹುದು.

ಅಮೆರಿಕದಲ್ಲಿ 2011ರಲ್ಲಿ ಈ ಪರೀಕ್ಷೆಯನ್ನು ಹಸುಗೂಸುಗಳ ತಪಾಸಣೆ ಪಟ್ಟಿಗೆ ಸೇರಿಸಿದರು. ಅದೇ ವರ್ಷ ನ್ಯೂಜೆರ್ಸಿ ರಾಜ್ಯ ಕಡ್ಡಾಯ ಮಾಡಿತು, ಉಳಿದವು ಒಂದೊಂದಾಗಿ ಹಿಂಬಾಲಿಸಿದವು. ಕಡ್ಡಾಯ ಮಾಡಿದ ರಾಜ್ಯಗಳಲ್ಲಿ ಇಂಥ ಹೃದಯದೋಷದಿಂದ ಸಾಯುವ ಎಳೆ ಮಕ್ಕಳ ಸಂಖ್ಯೆ ಮೂರನೇ ಒಂದು ಭಾಗದಷ್ಟು ಇಳಿಯಿತು ಎಂದು 2017ರಲ್ಲಿ ಬಂದ ಅಧ್ಯಯನ ಹೇಳುತ್ತದೆ. "ಇದನ್ನು ಮಾಡಬಹುದು" ಎಂದು ಸುಮ್ಮನೆ ಸಲಹೆ ಕೊಟ್ಟ ರಾಜ್ಯಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅದಕ್ಕೇ ನಾನು ಕಡ್ಡಾಯ ಎಂಬ ಮಾತು ಬಿಡುತ್ತಿಲ್ಲ. ಸಲಹೆಯ ಸುತ್ತೋಲೆಗಳಿಗೆ ನಮ್ಮ ಕಚೇರಿಗಳಲ್ಲಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ?

ಅಮೆರಿಕ ದೂರ ಆಯಿತು ಅನ್ನಿ. ಪಕ್ಕದ ಕೇರಳ ಇದೆಯಲ್ಲ. ಅಲ್ಲಿ 2017ರಿಂದ ಹೃದ್ಯಂ ಎಂಬ ಯೋಜನೆ ಇದೆ. ಹೃದಯದೋಷ ಇರುವ ಮಗುವಿನ ವಿವರ ಆನ್‌ಲೈನ್‌ನಲ್ಲಿ ದಾಖಲಾಗುತ್ತದೆ. ಎಷ್ಟು ತುರ್ತು ಎಂದು ತಜ್ಞರು ನೋಡಿ ಹೇಳುತ್ತಾರೆ. ಎಲ್ಲಿ ಹಾಸಿಗೆ ಖಾಲಿ ಇದೆಯೋ ಅಲ್ಲಿಗೆ ಕಳಿಸುತ್ತಾರೆ, ಸರ್ಕಾರಿ ಆಗಲಿ, ಪಟ್ಟಿಯಲ್ಲಿರುವ ಖಾಸಗಿ ಆಗಲಿ. ತಂದೆ-ತಾಯಿ ಖರ್ಚು ಮಾಡುವಂತಿಲ್ಲ. 2020ರ ಲೆಕ್ಕದಲ್ಲಿ ಸಾವಿರ ಹೆರಿಗೆಗೆ ಒಂದು ವರ್ಷದೊಳಗೆ ಸಾಯುವ ಮಕ್ಕಳು ಕರ್ನಾಟಕದಲ್ಲಿ 19, ಕೇರಳದಲ್ಲಿ 6. ಆ ವ್ಯತ್ಯಾಸ ಎಲ್ಲ ಹೃದಯದಿಂದಲೇ ಬಂದದ್ದಲ್ಲ, ಗೊತ್ತು. ಆದರೆ ಉಳಿದ ಕಾರಣಗಳನ್ನು ಕಡಿಮೆ ಮಾಡಿಕೊಂಡು ಬಂದ ಹಾಗೆಲ್ಲ ಕೊನೆಗೆ ಉಳಿಯುವುದು ಇಂಥವೇ. ನಾವೂ ಅಲ್ಲಿಗೇ ಬರುತ್ತಿದ್ದೇವೆ.

ನಮ್ಮಲ್ಲಿ ಯೋಜನೆ ಇಲ್ಲ ಅಂತಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ಹುಟ್ಟುದೋಷಗಳ ಪಟ್ಟಿಯಲ್ಲಿ ಹೃದಯದೋಷವೂ ಇದೆ. ಆದರೆ ಹೆರಿಗೆ ವಾರ್ಡಿನಲ್ಲಿ ನಾವು ನೋಡುವುದು ಕಣ್ಣಿಗೆ ಕಾಣುವ ದೋಷ. ತಂಡದವರು ಗಾಡಿಯಲ್ಲಿ ಬಂದು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲೆ ಮಕ್ಕಳನ್ನು ಒಂದು ಸಲ ನೋಡುತ್ತಾರೆ. ಅಲ್ಲಿ ಎಷ್ಟೋ ಮಕ್ಕಳ ಹೃದಯದ ತೂತು ಪತ್ತೆ ಆಗಿ ಆಪರೇಷನ್ ಆಗಿದೆ, ಅದು ಒಳ್ಳೆಯ ಕೆಲಸ. ನಾನು ಹೇಳುವ ಮಕ್ಕಳು ಅಂಗನವಾಡಿ ಬಾಗಿಲಿನವರೆಗೆ ಬರುವುದೇ ಇಲ್ಲ. ಆಶಾ ಕಾರ್ಯಕರ್ತೆ ಮನೆಗೆ ಹೋಗುವುದು ಮೂರನೇ ದಿನ, ಆಮೇಲೆ ಏಳನೇ ದಿನ. ಅವಳ ಚೀಲದಲ್ಲಿ ಥರ್ಮಾಮೀಟರ್, ತಕ್ಕಡಿ, ಉಸಿರು ಎಣಿಸಲು ಗಡಿಯಾರ. ಅಮಾವಾಸ್ಯೆ ಮಗುವನ್ನು ಮೂರನೇ ದಿನ ಅವಳೂ ನೋಡಿದ್ದಳು. ಏಳನೇ ದಿನ ಅವಳು ಹೋದದ್ದು ಮಾತನಾಡಿಸಿ ಬರಲು.

ಇಲಾಖೆಯ ಒಳಗೆ ಈ ಮಾತು ಎತ್ತಿದಾಗಲೆಲ್ಲ ನನಗೆ ಸಿಕ್ಕ ಉತ್ತರ ಒಂದೇ. "ಹಿಡಿದು ಏನು ಮಾಡೋದು ಸಿಸ್ಟರ್? ಎಲ್ಲಿಗೆ ಕಳಿಸೋದು? ಸುಮ್ನೆ ತಂದೆ-ತಾಯಿಗೆ ಭಯ ಹುಟ್ಟಿಸಿದ ಹಾಗೆ." ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಪರೀಕ್ಷೆ ಮಾತ್ರ ಮಾಡಿ ಮುಂದಿನ ದಾರಿ ಮಾಡದಿದ್ದರೆ ಅದು ಮೋಸ.

ಆದರೆ ದಾರಿ ಹೇಗೆ ಮಾಡಬೇಕು ಎಂದು ನಿಮ್ಮ ಇಲಾಖೆಗೇ ಗೊತ್ತಿದೆ. ದೊಡ್ಡವರ ಎದೆನೋವಿಗೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಮಾಡಿದ್ದೀರಿ. ಎದೆ ಹಿಡಿದುಕೊಂಡು ಬಂದವನಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ. ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ಅದನ್ನು ನೋಡುತ್ತಾರೆ. ರಕ್ತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಟ್ಟು, ಆಮೇಲೆ ಜಯದೇವದಂಥ ಕಡೆಗೆ ಕಳಿಸುತ್ತಾರೆ. ನಮ್ಮ ಆಸ್ಪತ್ರೆಯಲ್ಲೇ ಹೀಗೆ ಉಳಿದವರನ್ನು ನಾನು ಕಂಡಿದ್ದೇನೆ. ಅದೇ ದಾರಿಯಲ್ಲಿ ಒಂದು ಹಸುಗೂಸಿಗೆ ಜಾಗ ಇಲ್ಲವೇ? ಇಸಿಜಿ ಬದಲು ಆಕ್ಸಿಮೀಟರ್. ಟೆನೆಕ್ಟೆಪ್ಲೇಸ್ ಬದಲು ಪ್ರೊಸ್ಟಾಗ್ಲಾಂಡಿನ್.

ಈ ಪ್ರೊಸ್ಟಾಗ್ಲಾಂಡಿನ್ ಬಗ್ಗೆ ಎರಡು ಮಾತು. ಮುಚ್ಚುತ್ತಿರುವ ಹಿತ್ತಲ ಬಾಗಿಲನ್ನು ತೆರೆದಿಡುವ ಔಷಧ ಇದು. ಹನಿಹನಿಯಾಗಿ ರಕ್ತಕ್ಕೆ ಬಿಡುತ್ತಿದ್ದರೆ ಬಾಗಿಲು ತೆರೆದೇ ಇರುತ್ತದೆ. ಆಪರೇಷನ್ ಕೋಣೆ ಮುಟ್ಟುವವರೆಗೆ ಮಗುವಿಗೆ ಸಮಯ ಸಿಗುತ್ತದೆ. ಹುಷಾರಾಗಿ ಕೊಡಬೇಕು. ಕೆಲವು ಮಕ್ಕಳಲ್ಲಿ ಉಸಿರು ನಿಲ್ಲಿಸಿಬಿಡುತ್ತದೆ, ಹಾಗಾಗಿ ಪಕ್ಕದಲ್ಲಿ ಉಸಿರು ಕೊಡಬಲ್ಲವರು ಇರಬೇಕು. ಫ್ರಿಜ್‌ನಲ್ಲಿ ಇಡಬೇಕು. ಬೆಲೆಯೂ ಕಡಿಮೆ ಅಲ್ಲ. ತಾಲ್ಲೂಕಿಗೆ ಬೇಡ, ಜಿಲ್ಲಾಸ್ಪತ್ರೆಯಲ್ಲಿ ಹಸುಗೂಸುಗಳ ವಿಶೇಷ ಆರೈಕೆ ಘಟಕವಾದ ಎಸ್‌ಎನ್‌ಸಿಯು ಫ್ರಿಜ್‌ನಲ್ಲಿ ಯಾವಾಗಲೂ ಒಂದೆರಡು ಆಂಪೂಲ್ ಇರಲಿ. ಚಿತ್ರದುರ್ಗ ದಾಟದ ಆ ಮಗು ನೆನಪಾದಾಗಲೆಲ್ಲ ನನಗೆ ಆ ಆಂಪೂಲೇ ಕಣ್ಣಮುಂದೆ ಬರುತ್ತದೆ. ಅಷ್ಟು ದೂರದ ಹಾದಿಯನ್ನು ಒಂದು ಮಗು ಬರಿ ಆಕ್ಸಿಜನ್ ಮೇಲೆ ದಾಟಬೇಕು ಅಂದರೆ ಹೇಗೆ? ಬೀದರ್‌ನವರದು ಇನ್ನೂ ಕಷ್ಟ. ಅವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅಲ್ಲಿಗೆ ಓಡಿದರೆ ನಮ್ಮ ರಾಜ್ಯದ ಉಚಿತ ಚಿಕಿತ್ಸೆಯ ಕಾರ್ಡು ನಡೆಯುತ್ತದೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ವಿಚಾರಿಸಬೇಕು. ಗಡಿ ಜಿಲ್ಲೆಗಳ ಮಕ್ಕಳಿಗೆ ಇದನ್ನು ಮೊದಲೇ ಇತ್ಯರ್ಥ ಮಾಡಿಡಿ.

ಕೆಲಸದ ಹೊರೆ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ನನ್ನ ಜೊತೆಯವರು ನನ್ನನ್ನು ಬಿಡುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಸಿಸ್ಟರ್, ಎರಡು ಹೆರಿಗೆ, ಬರೆಯಲು ರಾಶಿ ರಿಜಿಸ್ಟರು. ದಯವಿಟ್ಟು ಇದಕ್ಕೆ ಇನ್ನೊಂದು ರಿಜಿಸ್ಟರ್ ಮಾಡಬೇಡಿ. ಇನ್ನೊಂದು ಆ್ಯಪ್ ಅಂತೂ ಬೇಡವೇ ಬೇಡ. ತಾಯಿ ಕಾರ್ಡಿನಲ್ಲಿ ಮಗುವಿನ ತೂಕ ಬರೆಯುವ ಸಾಲಿನ ಕೆಳಗೆ ಎರಡು ಚೌಕ ಸಾಕು. ಬಲಗೈ, ಕಾಲು. ಬೆಳಗಿನ ರೌಂಡ್ಸ್ ಹೊತ್ತಿಗೆ 24 ಗಂಟೆ ಕಳೆದ ಮಕ್ಕಳನ್ನೆಲ್ಲ ಸಾಲಾಗಿ ನೋಡಿದರೆ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಅರ್ಧ ಗಂಟೆಯ ಕೆಲಸ.

ಈ ಪರೀಕ್ಷೆ ಪಾಸಾದರೆ ಹೃದಯ ಪೂರ್ತಿ ಸರಿ ಇದೆ ಎಂದು ಯಾರೂ ತಿಳಿಯಬಾರದು, ಅದನ್ನೂ ಕಾರ್ಡಿನಲ್ಲಿ ಅಚ್ಚು ಹಾಕಿಸಿ. ಜನ ಎಲ್ಲದಕ್ಕೂ "ಹಾರ್ಟಿನಲ್ಲಿ ತೂತು" ಅನ್ನುತ್ತಾರೆ. ನಿಜವಾದ ತೂತುಗಳನ್ನು ಇದು ಸಾಮಾನ್ಯವಾಗಿ ಹಿಡಿಯುವುದಿಲ್ಲ, ಯಾಕೆಂದರೆ ಅವುಗಳಲ್ಲಿ ಆಮ್ಲಜನಕ ಇಳಿದಿರುವುದಿಲ್ಲ. ನಾನು ಹೇಳಿದೆನಲ್ಲ, ಹಿಸುಕಿದ ದೊಡ್ಡ ನಾಳ, ಅದೂ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ನಮ್ಮ ಹುಡುಗಿಯ ಅದೃಷ್ಟ ಚೆನ್ನಾಗಿತ್ತು. ಹಾಲು ಕುಡಿಯುವಾಗ ಮಗುವಿನ ಹಣೆ ಬೆವರುತ್ತಿದ್ದರೆ, ನಾಲ್ಕು ಗುಟುಕಿಗೆ ನಿಲ್ಲಿಸಿ ಏದುಸಿರು ಬಿಡುತ್ತಿದ್ದರೆ, ತೂಕ ಏರದಿದ್ದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರು ಇದ್ದರೆ, ಆ ಎರಡು ಅಂಕಿ ಎಷ್ಟೇ ಚೆನ್ನಾಗಿರಲಿ, ತೋರಿಸಲೇಬೇಕು. ಅಳದೆ ಮಲಗುವ ಮಗು ಸಂಭಾವಿತ ಆಗಿರಬಹುದು. ಅಳಲು ತ್ರಾಣ ಇಲ್ಲದೆಯೂ ಇರಬಹುದು.

ಒಂದು ಮಾತು ತಾಯಂದಿರ ಪರವಾಗಿ. ಇಂಥ ಮಗು ಹುಟ್ಟಿದರೆ ಮನೆಯಲ್ಲಿ ಮೊದಲು ಬೈಸಿಕೊಳ್ಳುವವಳು ಬಾಣಂತಿ. ಗ್ರಹಣದಲ್ಲಿ ಹೊರಗೆ ಬಂದಳು, ಪಪ್ಪಾಯಿ ತಿಂದಳು, ಏನೇನೋ. ನಮ್ಮ ರಾಜ್ಯದಲ್ಲಿ ನಾಲ್ಕರಲ್ಲಿ ಒಂದು ಮದುವೆ ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಆಗುತ್ತದೆ. ಅದರಿಂದ ಅಪಾಯ ಸ್ವಲ್ಪ ಜಾಸ್ತಿ ಆಗುತ್ತದೆ ಅನ್ನುವುದು ನಿಜ. ತಾಯಿಗೆ ಮೊದಲಿನಿಂದ ಸಕ್ಕರೆ ಕಾಯಿಲೆ ಇದ್ದರೂ ಜಾಸ್ತಿ. ಆದರೆ ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಸಂಬಂಧದಲ್ಲಿ ಮದುವೆ ಗೊತ್ತು ಮಾಡಿದವರೇ ಅವಳನ್ನು ಬೈಯುವುದನ್ನೂ ನೋಡಿದ್ದೇನೆ. ಇರಲಿ, ಆ ಕಥೆ ಇಲ್ಲಿ ಬೇಡ.

ಇನ್ನೊಂದು ಸಣ್ಣ ವಿಷಯ ಹೇಳಿ ಮುಗಿಸುತ್ತೇನೆ. ಈ ಯಂತ್ರದ ಮೂಲ ತತ್ವವನ್ನು ಕಂಡುಹಿಡಿದವರು ಜಪಾನಿನ ತಕುವೊ ಅಯೋಯಾಗಿ ಎಂಬ ಎಂಜಿನಿಯರ್, 1970ರ ದಶಕದಲ್ಲಿ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಜಗತ್ತಿನವರೆಲ್ಲ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಅಂಕಿ ನೋಡುತ್ತಿದ್ದ ದಿನಗಳು ಅವು. ಅಲ್ಲಿಯವರೆಗೆ ಹಳ್ಳಿಯಲ್ಲಿ ಆಕ್ಸಿಮೀಟರ್ ಅಂದರೆ ಯಾರಿಗೂ ಗೊತ್ತಿರಲಿಲ್ಲ. ಆ ಎರಡು ವರ್ಷದಲ್ಲಿ ಓದು ಬರಹ ಇಲ್ಲದ ಅಜ್ಜಿಯಂದಿರೂ "94ಕ್ಕ ಇಳದೈತ್ರಿ, ದವಾಖಾನಿಗೆ ಕರಕೊಂಡ ಹೋಗೂಣು" ಅನ್ನಲು ಕಲಿತರು. ಜನರಿಗೆ ಅಂಕಿ ಅರ್ಥ ಆಗುವುದಿಲ್ಲ ಎಂದು ಇನ್ನು ಯಾರೂ ನನಗೆ ಹೇಳಬೇಡಿ. ಆಗ ದೊಡ್ಡವರಿಗಾಗಿ ಕೊಂಡ ಎಷ್ಟೋ ಮಾನಿಟರುಗಳು ಈಗ ತಾಲ್ಲೂಕು ಆಸ್ಪತ್ರೆಗಳ ಸ್ಟೋರ್ ರೂಮಿನಲ್ಲಿವೆ. ನಮ್ಮಲ್ಲೇ ಎರಡು ಇದ್ದವು, ಪ್ಲಾಸ್ಟಿಕ್ ಹೊದಿಸಿಕೊಂಡು. ಅವಕ್ಕೆ ಹೊಂದುವ ಹಸುಗೂಸಿನ ಪ್ರೋಬ್ ತರಿಸಿಕೊಟ್ಟರೆ ಅರ್ಧ ಕೆಲಸ ಆದ ಹಾಗೆ.

ನನ್ನ ಡೈರಿ ಕೇಳಿದರೆ ಕಳಿಸಿಕೊಡುತ್ತೇನೆ. ಅದರಲ್ಲಿ ಯಾವ ಮಗುವಿನ ಹೆಸರೂ ಇಲ್ಲ. ತಾರೀಕು, ತೂಕ, ಎರಡು ಅಂಕಿ ಅಷ್ಟೇ. ಆದೇಶ ಬಂದರೆ ನಮ್ಮ ಜಿಲ್ಲೆಯ ಸಿಸ್ಟರುಗಳಿಗೆ ಪ್ರೋಬ್ ಸುತ್ತುವುದನ್ನು ಕಲಿಸಲು ನಾನು ಬರುತ್ತೇನೆ. ಭತ್ಯೆ ಬೇಡ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಹೇಗೂ ದುಡ್ಡು ಕೊಡುವ ಹಾಗಿಲ್ಲ.

ಇಂತಿ,
ನಿವೃತ್ತ ಶುಶ್ರೂಷಾಧಿಕಾರಿ,
ಹಾವೇರಿ ಜಿಲ್ಲೆ

ಮರೆತ ಮಾತು, ಇದು ಸಚಿವರಿಗಲ್ಲ, ಪತ್ರ ಓದುತ್ತಿರುವ ಉಳಿದವರಿಗೆ: ಆದೇಶ ಬರುವವರೆಗೆ ಕಾಯಬೇಡಿ. ನಿಮ್ಮ ಮಗಳದೋ ಸೊಸೆಯದೋ ಹೆರಿಗೆ ಆದರೆ, ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಮುಂಚೆ ಸಿಸ್ಟರನ್ನು ಕೇಳಿ: "ಬಲಗೈ ಎಷ್ಟು ಬಂತು? ಕಾಲು ಎಷ್ಟು?" ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ. ಮತ್ತೆ ಹೋಗುವಾಗ ಅಂಗಾಲಿನ ಕಾಡಿಗೆ ಒರೆಸಿಕೊಂಡು ಹೋಗಿ.